ಚೀಲ ತೂಗುವುದರಿಂದ ಶುರು ಮಾಡಿ: ಸಂಸತ್ತು ಕಾನೂನು ಮಾಡುವ ಬಗೆಯನ್ನು ಮಕ್ಕಳಿಗೆ ಕಲಿಸುವುದು ಹೇಗೆ

ಲೋಕಸಭೆಯಲ್ಲಿ ಎಷ್ಟು ಸ್ಥಾನ ಅಂತ ಕೇಳಿದರೆ ಮಕ್ಕಳು 543 ಅಂತ ಥಟ್ಟನೆ ಹೇಳುತ್ತಾರೆ. ಆ 543 ಜನ ಬೆಳಗ್ಗೆ 11 ಗಂಟೆಗೆ ಬಂದು ಕೂತು ಏನು ಮಾಡುತ್ತಾರೆ ಅಂತ ಕೇಳಿ. ಕ್ಲಾಸು ಸುಮ್ಮನಾಗುತ್ತದೆ. ಒಂದಿಬ್ಬರು "ಗಲಾಟೆ ಮಾಡ್ತಾರೆ ಸರ್" ಅನ್ನುತ್ತಾರೆ. ಟಿವಿಯಲ್ಲಿ ಅವರಿಗೆ ಕಂಡಿರುವುದು ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಸೂದೆ, ಮೂರು ವಾಚನ, ಇನ್ನೊಂದು ಸದನ, ರಾಷ್ಟ್ರಪತಿಗಳ ಅಂಕಿತ ಅಂತ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತುಂಬ ವರ್ಷ ಪಾಠ ಮಾಡಿದ್ದೇನೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಅಂಕ ತೆಗೆದರು. ಆದರೆ ಕಾನೂನು ಅಂದರೆ ಒಂದೊಂದು ಪದಕ್ಕೂ ಹಿಡಿದು ನಿಂತು ಮಾಡುವ ಕೆಲಸ ಅನ್ನುವುದು ಅವರಿಗೆ ತಲುಪಲಿಲ್ಲ. ಈಗ ಬೇರೆ ಥರ ಮಾಡುತ್ತೇನೆ. ಕ್ಲಾಸಿನಲ್ಲೇ ಒಂದು ಮಸೂದೆ ಬರೆಸಿ, ಅದನ್ನು ಎರಡೂ ಸದನ ದಾಟಿಸುತ್ತೇವೆ. ಎಂಟು ಪಿರಿಯಡ್ ಸಾಕು.

ಮೊದಲ ಪಿರಿಯಡ್: ತೂಕದ ಯಂತ್ರ ತನ್ನಿ

ಮಸೂದೆಗೆ ವಿಷಯ ಬೇಕಲ್ಲ. ಮಕ್ಕಳ ಮೈಗೆ ತಾಗುವಂಥ ವಿಷಯವೇ ಆಗಬೇಕು. ನಾನು ಆರಿಸಿಕೊಳ್ಳುವುದು ಶಾಲಾ ಚೀಲದ ತೂಕ.

ಮಕ್ಕಳ ಎತ್ತರ, ತೂಕ ಬರೆದಿಡಲು ಪಿ.ಇ. ಮೇಷ್ಟ್ರು ಇಟ್ಟುಕೊಂಡಿರುವ ಯಂತ್ರವನ್ನು ಕೇಳಿ ತನ್ನಿ. ಮಗು ಚೀಲ ಹೊತ್ತು ನಿಲ್ಲಲಿ, ಆಮೇಲೆ ಚೀಲ ಇಳಿಸಿ ನಿಲ್ಲಲಿ. ವ್ಯತ್ಯಾಸ ಚೀಲದ ತೂಕ. ಒಂದು ಎಚ್ಚರ ಇರಲಿ: ಮಕ್ಕಳ ಮೈತೂಕವನ್ನು ಜೋರಾಗಿ ಓದಬೇಡಿ. ದಪ್ಪ, ಸಣ್ಣ ಅಂತ ಆಡಿಕೊಳ್ಳುವುದು ಅಲ್ಲಿಂದಲೇ ಶುರುವಾಗುತ್ತದೆ. ಪ್ರತಿ ಮಗುವೂ ತನ್ನದನ್ನು ತಾನೇ ನೋಡಿ, ಚೀಟಿಯಲ್ಲಿ ಬರೆದುಕೊಂಡು, ಲೆಕ್ಕ ಹಾಕಿ, ಚೀಲ ಮೈತೂಕದ ಹತ್ತನೇ ಒಂದಕ್ಕಿಂತ ಜಾಸ್ತಿ ಇದೆಯಾ, ಇಲ್ವಾ ಅಂತ ಮಾತ್ರ ಕೈ ಎತ್ತಿ ಹೇಳಲಿ. 36 ಕೆ.ಜಿ. ತೂಗುವ ಮಗುವಿಗೆ 3.6 ಕೆ.ಜಿ. ಎಲ್ಲೆ. ಹತ್ತನೇ ಒಂದು ಎಂಬ ಈ ಲೆಕ್ಕ ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯಲ್ಲಿದೆ.

ಕೈ ಎತ್ತಿದವರನ್ನು ಎಣಿಸಿ ಬೋರ್ಡಿನ ಮೇಲೆ ಬರೆಯಿರಿ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ನೀತಿ ಇದ್ರೂ ಯಾಕೆ ಸರ್ ಇಷ್ಟು ಭಾರ?" ಪಾಠ ಶುರುವಾಗುವುದು ಇಲ್ಲಿ. ನೀತಿ ಅಂದರೆ ಸರ್ಕಾರ ಹೀಗೆ ಮಾಡಿದರೆ ಒಳ್ಳೆಯದು ಅಂತ ಹಾಕಿಕೊಂಡ ದಾರಿ. ಕಾನೂನು ಅಂದರೆ ಮಾಡಲೇಬೇಕಾದ್ದು, ಮಾಡದಿದ್ದರೆ ಕೋರ್ಟಿನಲ್ಲಿ ಕೇಳಬಹುದಾದದ್ದು.

ಈ ವಿಷಯ ಸಂಸತ್ತಿಗೂ ಹೊಸದಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡ, ಅಂದರೆ ಚುನಾವಣೆ ಇಲ್ಲದೆ ರಾಷ್ಟ್ರಪತಿಗಳು ನೇಮಿಸಿದ ಸದಸ್ಯರಾಗಿದ್ದರು. 1989ರಲ್ಲಿ ಅವರು ಸದನದಲ್ಲಿ ಮಾಡಿದ ಮೊದಲ ಭಾಷಣವೇ ಮಕ್ಕಳ ಚೀಲದ ಹೊರೆ ಬಗ್ಗೆ. ದಿನಾ ಹೊತ್ತು ಹೊತ್ತು ಮಕ್ಕಳ ಬೆನ್ನು ಬಾಗುತ್ತಿದೆ ಅಂತ ಅವರು ಹೇಳಿದರು. ಅವರು ಮಂತ್ರಿಯಲ್ಲ, ಪಕ್ಷದವರಲ್ಲ. ಆದರೂ ಆ ಮಾತು ದೇಶದಲ್ಲಿ ಚರ್ಚೆಯಾಯಿತು. 1992ರಲ್ಲಿ ವಿಜ್ಞಾನಿ ಯಶ್ ಪಾಲ್ ನೇತೃತ್ವದಲ್ಲಿ ಕಲಿಕೆಯ ಹೊರೆ ಬಗ್ಗೆ ಸಮಿತಿಯಾಯಿತು, 1993ರಲ್ಲಿ ವರದಿ ಬಂತು. ಇದನ್ನು ಹೇಳುವಾಗ ಮಕ್ಕಳ ಮುಖ ನೋಡಬೇಕು. ತಮ್ಮ ಬೆನ್ನಿನ ನೋವು ದೆಹಲಿಯ ಸದನದಲ್ಲಿ ಮಾತಾಗಿತ್ತು ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಎರಡನೇ ಪಿರಿಯಡ್: ಸದನ ಕಟ್ಟಿ

ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ. ಕೂಡಿದರೆ 40. ಕ್ಲಾಸಿನಲ್ಲಿ 40 ಮಕ್ಕಳಿದ್ದರೆ ಲೆಕ್ಕ ಸರಿಹೋಯಿತು. ಜಾಸ್ತಿ ಕಡಿಮೆ ಇದ್ದರೆ ಹೊಂದಿಸಿಕೊಳ್ಳಿ. ಇದು ಇಡೀ ಸಂಸತ್ತಲ್ಲ, ದೊಡ್ಡ ಸದನದಲ್ಲಿ ನಮ್ಮ ಪಾಲು ಮಾತ್ರ ಅಂತ ಮೊದಲೇ ಹೇಳಿಬಿಡಿ.

28 ಮಕ್ಕಳಿಗೆ 28 ಕ್ಷೇತ್ರದ ಚೀಟಿ ಎತ್ತಿಸಿ. ಬೀದರ್ ಬಂದವರು ಬೀದರಿನ ಮಕ್ಕಳ ಪರವಾಗಿ, ಚಾಮರಾಜನಗರ ಬಂದವರು ಅಲ್ಲಿನವರ ಪರವಾಗಿ ಮಾತಾಡಬೇಕು. ಉತ್ತರ ಕನ್ನಡದ ಸದಸ್ಯೆ ಮಳೆಗಾಲದಲ್ಲಿ ಗುಡ್ಡ ಇಳಿದು ನಡೆಯುವ ಮಕ್ಕಳ ಬಗ್ಗೆ ಹೇಳಲಿ. ಬೆಂಗಳೂರಿನ ಸದಸ್ಯ ವ್ಯಾನಿನಲ್ಲಿ ಬಂದು ನಾಲ್ಕನೇ ಮಹಡಿ ಹತ್ತುವವರ ಬಗ್ಗೆ ಹೇಳಲಿ. ರಾಜ್ಯಸಭೆಯ 12 ಜನರನ್ನು ಮಾತ್ರ ಜನ ನೇರವಾಗಿ ಆರಿಸುವುದಿಲ್ಲ. ನಮ್ಮ ವಿಧಾನಸಭೆಯ ಶಾಸಕರು ಆರಿಸಿ ಕಳಿಸುತ್ತಾರೆ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹಾಗಾಗಿ ಆ ಸದನ ಯಾವತ್ತೂ ವಿಸರ್ಜನೆ ಆಗುವುದಿಲ್ಲ.

ಪಕ್ಷ ಹಂಚುವಾಗ ಒಂದು ಉಪಾಯ ಮಾಡಿ. ಲೋಕಸಭೆಯಲ್ಲಿ ಆಡಳಿತ ಪಕ್ಷಕ್ಕೆ 16, ವಿಪಕ್ಷಕ್ಕೆ 12 ಕೊಡಿ. ರಾಜ್ಯಸಭೆಯಲ್ಲಿ ತಿರುಗಿಸಿ: ಆಡಳಿತದವರು 5, ವಿಪಕ್ಷದವರು 7. ದೆಹಲಿಯಲ್ಲೂ ಎಷ್ಟೋ ಸರ್ಕಾರಗಳಿಗೆ ಲೋಕಸಭೆಯಲ್ಲಿ ಬಹುಮತ ಇದ್ದು ರಾಜ್ಯಸಭೆಯಲ್ಲಿ ಇಲ್ಲದ ಸ್ಥಿತಿ ಬಂದಿದೆ. ಈ ಹಂಚಿಕೆ ಯಾಕೆ ಮುಖ್ಯ ಅನ್ನುವುದು ಏಳನೇ ಪಿರಿಯಡ್‌ನಲ್ಲಿ ತಿಳಿಯುತ್ತದೆ. ಪಕ್ಷಗಳಿಗೆ ನಿಜವಾದ ಪಕ್ಷಗಳ ಹೆಸರು ಇಡಲೇಬೇಡಿ. ಮನೆಯ ರಾಜಕೀಯ ಕ್ಲಾಸಿಗೆ ಬಂದುಬಿಡುತ್ತದೆ.

ಲೋಕಸಭೆಯವರು ತಮ್ಮಲ್ಲೇ ಒಬ್ಬರನ್ನು ಸ್ಪೀಕರ್ ಆಗಿ ಆರಿಸಲಿ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ, ಸಮ ಸಮ ಬಂದಾಗ ಮಾತ್ರ ಹಾಕಬೇಕು. ರಾಜ್ಯಸಭೆಯ ಸಭಾಪತಿ ಉಪರಾಷ್ಟ್ರಪತಿಗಳು, ಅವರು ಆ ಸದನದ ಸದಸ್ಯರೇ ಅಲ್ಲ. ಅದಕ್ಕೆ ಆ ಕುರ್ಚಿಗೆ ಬೇರೆ ಕ್ಲಾಸಿನ ವಿದ್ಯಾರ್ಥಿಯನ್ನು ಕರೆಯಿರಿ. ರಾಷ್ಟ್ರಪತಿ ನಿಮ್ಮ ಮುಖ್ಯ ಶಿಕ್ಷಕರು. ರಾಜ್ಯಸಭೆಯನ್ನು ಲೈಬ್ರರಿಯಲ್ಲೋ ವರಾಂಡದಲ್ಲೋ ಕೂರಿಸಿ. ಎರಡು ಸದನ ಅಂದರೆ ಎರಡು ಜಾಗ ಅಂತ ಕಣ್ಣಿಗೆ ಕಾಣಬೇಕು.

ಮಾತಾಡಲು ಅಂಜುವ ಮಕ್ಕಳಿರುತ್ತಾರೆ. ಅವರಿಗೆ ಜೆ.ಎಚ್. ಪಟೇಲರ ಕಥೆ ಹೇಳಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಅವರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಹಿಂದಿ, ಇಂಗ್ಲಿಷ್ ಬಾರದವರು ತಮ್ಮ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅವಕಾಶ ಕೊಡಬಹುದು ಅಂತ ಸಂವಿಧಾನದ 120ನೇ ವಿಧಿ ಹೇಳುತ್ತದೆ. ಮನೆಯಲ್ಲಿ ಆಡುವ ಕನ್ನಡದಲ್ಲೇ ಸದನದಲ್ಲೂ ಮಾತಾಡಿ ಅಂದಮೇಲೆ ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟವರು ಜಾಸ್ತಿ.

ಮೂರನೇ ಪಿರಿಯಡ್: ಪ್ರಶ್ನೆ ಕೇಳುವುದು

ಸಂಸತ್ತು ಬರೀ ಕಾನೂನು ಮಾಡುವ ಜಾಗ ಅಲ್ಲ, ಸರ್ಕಾರದಿಂದ ಲೆಕ್ಕ ಕೇಳುವ ಜಾಗ. ಇದನ್ನು ಒಂದೇ ಪಿರಿಯಡ್‌ನಲ್ಲಿ ಮುಗಿಸಿ. ಸಂಸದ್ ಟಿವಿಯ ಪ್ರಶ್ನೋತ್ತರ ಅವಧಿಯ ಹತ್ತು ನಿಮಿಷ ತೋರಿಸಿ. ಲೋಕಸಭೆಯಲ್ಲಿ ಅದು ಬೆಳಗ್ಗೆ 11ರಿಂದ 12. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ. ಹಿಂದಿನ ದಿನವೇ ಒಂದು ಡಬ್ಬಿಯಲ್ಲಿ ಪ್ರಶ್ನೆ ಹಾಕಿಸಿ, ಐದನ್ನು ಆರಿಸಿ ಶಿಕ್ಷಣ ಮಂತ್ರಿಯಾದ ಮಗುವಿಗೆ ಕೊಡಿ. ಮನೆಯಲ್ಲಿ ಓದಿಕೊಂಡು ಬರಲಿ. ಉಪಪ್ರಶ್ನೆ ಮಾತ್ರ ಮುಂಚೆ ಗೊತ್ತಿರಬಾರದು.

ಬಾಗಿಲು ಮುಚ್ಚುವ ಮೊದಲು ಕೋರಂ ಎಣಿಸುವುದನ್ನೂ ಕಲಿಸಿ. ಸದನದ ಹತ್ತನೇ ಒಂದು ಭಾಗ ಇರಬೇಕು. ಲೋಕಸಭೆಗೆ 55, ರಾಜ್ಯಸಭೆಗೆ 25. ಇಲ್ಲದಿದ್ದರೆ ಗಂಟೆ ಬಾರಿಸಿ ಸದಸ್ಯರನ್ನು ಕರೆಯುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಶಾಲೆಯ ಗಂಟೆಯೇ ಇದೆ.

ನಾಲ್ಕನೇ ಪಿರಿಯಡ್: ಮಸೂದೆ ಬರೆಯುವುದು, ಮಂಡಿಸುವುದು

ಮಂತ್ರಿ ಮತ್ತು ಅವರ ಜೊತೆ ನಾಲ್ಕು ಜನ ಕೂತು ಕರಡು ಬರೆಯಲಿ. ಉದ್ದ ಬೇಡ, ಐದು ಖಂಡ ಸಾಕು. ಒಂದನೇ ಖಂಡ: ಹೆಸರು, ಎಲ್ಲಿ ಅನ್ವಯ, ಯಾವಾಗ ಜಾರಿ. ಎರಡು: ಪದಗಳ ಅರ್ಥ. ಮೂರು: ಎಷ್ಟು ತೂಕ. ನಾಲ್ಕು: ಶಾಲೆ ಏನು ಮಾಡಬೇಕು. ಐದು: ತಪ್ಪಿದರೆ ಏನು. ಎಲ್ಲದರ ಮೇಲೆ ಒಂದು ಸಾಲು ಬರುತ್ತದೆ, ಭಾರತ ಗಣರಾಜ್ಯದ ಇಷ್ಟನೆಯ ವರ್ಷದಲ್ಲಿ ಸಂಸತ್ತು ಮಾಡಿದ ಕಾನೂನು ಇದು ಅಂತ. ಆ ವರ್ಷವನ್ನು ಮಕ್ಕಳೇ ಲೆಕ್ಕ ಹಾಕಲಿ. ಗಣರಾಜ್ಯೋತ್ಸವದ ಆಮೇಲಿನ ದಿನವಾದರೆ ಇಸವಿಯಿಂದ 1949 ಕಳೆದರೆ ಸಿಕ್ಕಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಅರವತ್ತನೆಯ ವರ್ಷ ಎಂದಿದೆ.

ಮಂಡಿಸುವ ಮೊದಲು ಒಂದು ಪ್ರಶ್ನೆ ಎಬ್ಬಿಸಿ: ಈ ವಿಷಯದಲ್ಲಿ ಕಾನೂನು ಮಾಡಲು ಸಂಸತ್ತಿಗೆ ಅಧಿಕಾರ ಇದೆಯಾ? ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ಕೇಂದ್ರ, ರಾಜ್ಯ ಎರಡೂ ಮಾಡಬಹುದು. ಮೂರು ಪಟ್ಟಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೀಗೆ ಒಂದು ಸಂದರ್ಭದಲ್ಲಿ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ.

ಮಂಡನೆ ಎರಡು ನಿಮಿಷದ ಕೆಲಸ. ಮಂತ್ರಿ ಎದ್ದು ಸದನದ ಅನುಮತಿ ಕೇಳಬೇಕು, ಸ್ಪೀಕರ್ ಮತಕ್ಕೆ ಹಾಕಬೇಕು, ಒಪ್ಪಿಗೆ ಸಿಕ್ಕಿದರೆ ಮಂಡಿಸಿದಂತೆ. ಇದೇ ಮೊದಲ ವಾಚನ. ಮಂತ್ರಿಯಲ್ಲದ ಸದಸ್ಯರೂ ಮಸೂದೆ ತರಬಹುದು. ಅದಕ್ಕೆ ಖಾಸಗಿ ಸದಸ್ಯರ ಮಸೂದೆ ಅನ್ನುತ್ತಾರೆ, ಶುಕ್ರವಾರ ಮಧ್ಯಾಹ್ನ ಅದರ ಸಮಯ. ಇಲ್ಲಿಯವರೆಗೆ ಅಂಥ 14 ಮಸೂದೆ ಮಾತ್ರ ಕಾನೂನಾಗಿವೆ, 1970ರ ನಂತರ ಒಂದೂ ಆಗಿಲ್ಲ.

ಐದನೇ ಪಿರಿಯಡ್: ಸಮಿತಿಯನ್ನು ಬಿಡಬೇಡಿ

ಸಮಯ ಇಲ್ಲ ಅಂತ ತುಂಬ ಜನ ಶಿಕ್ಷಕರು ಬಿಡುವುದು ಇದನ್ನೇ. ದಯವಿಟ್ಟು ಬಿಡಬೇಡಿ. ಸದನದಲ್ಲಿ ಮಾತು ಜೋರು, ಸಮಿತಿಯಲ್ಲಿ ಕೆಲಸ ಜೋರು. ಸಂಸತ್ತಿನಲ್ಲಿ ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳಿವೆ. ಒಂದೊಂದರಲ್ಲಿ 31 ಜನ: ಲೋಕಸಭೆಯವರು 21, ರಾಜ್ಯಸಭೆಯವರು 10. ಎಲ್ಲ ಪಕ್ಷದವರೂ ಇರುತ್ತಾರೆ, ಮಂತ್ರಿಗಳು ಇರುವಂತಿಲ್ಲ. ಎಲ್ಲ ಮಸೂದೆಯೂ ಸಮಿತಿಗೆ ಹೋಗಲೇಬೇಕು ಅಂತ ಇಲ್ಲ. ಹೋದರೆ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡೂ ಸದನದಿಂದ ಒಟ್ಟು ಒಂಬತ್ತು ಮಕ್ಕಳನ್ನು ಕೂರಿಸಿ. ಅವರ ಮುಂದೆ ಸಾಕ್ಷಿ ಹೇಳಲು ನಿಜವಾದ ಜನರನ್ನು ಕರೆಯಿರಿ. ನಮ್ಮಲ್ಲಿ ಪಿ.ಇ. ಮೇಷ್ಟ್ರು ಬಂದಿದ್ದರು, ಒಬ್ಬ ತಾಯಿ ಬಂದಿದ್ದರು, ಶಾಲಾ ವ್ಯಾನಿನ ಡ್ರೈವರಣ್ಣ ಬಂದಿದ್ದರು. ಆ ತಾಯಿ ಹೇಳಿದ ಮಾತು ಯಾರೂ ಯೋಚಿಸದೇ ಇದ್ದದ್ದು: "ಟೈಮ್‌ಟೇಬಲ್ ದಿನಾ ಬದಲಾಗುತ್ತೆ ಅಂತ ನನ್ನ ಮಗಳು ಎಲ್ಲಾ ಪುಸ್ತಕಾನೂ ತುಂಬ್ಕೊಂಡು ಹೋಗ್ತಾಳೆ." ಮಕ್ಕಳು ಅದನ್ನು ಬರೆದುಕೊಂಡರು. ವೇಳಾಪಟ್ಟಿಯನ್ನು ವಾರದ ಮುಂಚೆ ಹೇಳಬೇಕು ಅಂತ ವರದಿಯಲ್ಲಿ ಶಿಫಾರಸು ಮಾಡಿದರು. ಸಮಿತಿ ಹೇಳಿದ್ದನ್ನು ಸರ್ಕಾರ ಒಪ್ಪಲೇಬೇಕು ಅಂತ ಇಲ್ಲ. ಆ ಸಲ ನಮ್ಮ ಮಂತ್ರಿ ಒಪ್ಪಿದಳು.

ಆರನೇ ಪಿರಿಯಡ್: ಒಂದೊಂದೇ ಖಂಡ, ಒಂದೊಂದೇ ಪದ

ಇಡೀ ಪಾಠದ ಜೀವ ಇರುವುದು ಇಲ್ಲಿ. ಎರಡನೇ ವಾಚನದಲ್ಲಿ ಮೊದಲು ಒಟ್ಟಾರೆ ಚರ್ಚೆ. ಅದಕ್ಕೆ ಹತ್ತು ನಿಮಿಷ ಕೊಟ್ಟು ನಿಲ್ಲಿಸಿ. ಉಳಿದದ್ದೆಲ್ಲ ಖಂಡವಾರು ಚರ್ಚೆಗೆ ಇರಲಿ. ತಿದ್ದುಪಡಿ ಬೇಕಾದವರು ಬರವಣಿಗೆಯಲ್ಲಿ ಕೊಡಬೇಕು: ಇಂಥ ಖಂಡದಲ್ಲಿ, ಇಂಥ ಪದ ತೆಗೆದು, ಇಂಥ ಪದ ಹಾಕಿ. "ಇದು ಸರಿ ಇಲ್ಲ" ಅಂದರೆ ಸ್ಪೀಕರ್ ತೆಗೆದುಕೊಳ್ಳಬಾರದು.

ಒಂದನೇ ಖಂಡದಿಂದ ಶುರು ಮಾಡಬೇಡಿ. ಸದನದಲ್ಲಿ ಎರಡನೇ ಖಂಡದಿಂದ ಹೊರಟು, ಒಂದನೇ ಖಂಡ ಮತ್ತು ಹೆಸರನ್ನು ಕೊನೆಗೆ ತೆಗೆದುಕೊಳ್ಳುತ್ತಾರೆ. ಒಳಗೆ ಏನು ಉಳಿಯುತ್ತದೆ ಅಂತ ಗೊತ್ತಾದ ಮೇಲೆ ತಾನೆ ಹೆಸರು?

ನಮ್ಮ ಎರಡನೇ ಖಂಡದಲ್ಲಿ "ಚೀಲ ಎಂದರೆ ಪುಸ್ತಕಗಳನ್ನು ಕೊಂಡೊಯ್ಯುವ ಚೀಲ" ಅಂತ ಇತ್ತು. ವಿಪಕ್ಷದ ಹುಡುಗ ಎದ್ದ. "ಹಾಗಾದರೆ ಊಟದ ಡಬ್ಬಿ ಬೇರೆ ಚೀಲದಲ್ಲಿ ಇಟ್ಟರೆ ಲೆಕ್ಕಕ್ಕಿಲ್ವಾ? ನೀರಿನ ಬಾಟಲಿ? ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ." ಕ್ಲಾಸು ಇಪ್ಪತ್ತು ನಿಮಿಷ ಅದೇ ಒಂದು ಸಾಲಿಗೆ ಕೂತಿತು. ಕೊನೆಗೆ "ಶಾಲೆಗೆ ಬರುವಾಗ ಮಗು ಹೊರುವ ಎಲ್ಲ ವಸ್ತುಗಳೂ ಸೇರಿ" ಅಂತ ಬದಲಾಯಿತು.

ನಾಲ್ಕನೇ ಖಂಡ ಇನ್ನೂ ಚೆನ್ನಾಗಿತ್ತು. "ಶಾಲೆಯು ಶುದ್ಧ ಕುಡಿಯುವ ನೀರನ್ನು ಒದಗಿಸಬಹುದು" ಅಂತ ಕರಡಿನಲ್ಲಿ ಬರೆದಿದ್ದರು. ಹಿಂದಿನ ಬೆಂಚಿನ ಒಬ್ಬಳು ಮೆಲ್ಲಗೆ ಕೇಳಿದಳು: "ಸರ್, 'ಬಹುದು' ಅಂದ್ರೆ ಒದಗಿಸದೇನೂ ಇರಬಹುದು ಅಲ್ವಾ?" ನಾನು ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಎರಡು ಪದ ಬರೆದೆ. ಒದಗಿಸಬಹುದು. ಒದಗಿಸತಕ್ಕದ್ದು. ನಮ್ಮ ಕಾಯಿದೆಗಳ ಕನ್ನಡದಲ್ಲಿ ಪದೇ ಪದೇ ಬರುವ ಈ "ತಕ್ಕದ್ದು" ಕಿವಿಗೆ ಹಳೆಯದಾಗಿ ಕೇಳುತ್ತದೆ. ಆದರೆ ಅದು ಬಂದ ಕಡೆ ಮಾಡದೆ ಬಿಡುವ ದಾರಿ ಇರುವುದಿಲ್ಲ. ಅವಳು ತಿದ್ದುಪಡಿ ಬರೆದುಕೊಟ್ಟಳು: ನಾಲ್ಕನೇ ಖಂಡದಲ್ಲಿ "ಒದಗಿಸಬಹುದು" ತೆಗೆದು "ಒದಗಿಸತಕ್ಕದ್ದು" ಹಾಕಿ. ಪಾಸಾಯಿತು. ಅವಳ ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಮತಕ್ಕೆ ಹಾಕುವಾಗ ಮೊದಲು ಧ್ವನಿಮತ. ಹೌದು ಎನ್ನುವವರು ಹೌದು ಎನ್ನಲಿ, ಇಲ್ಲ ಎನ್ನುವವರು ಇಲ್ಲ ಎನ್ನಲಿ. ಯಾರು ಜೋರಾಗಿ ಕೂಗಿದರು ಅನ್ನುವುದು ಎಣಿಕೆಯಲ್ಲ ಅಲ್ವಾ? ಅನುಮಾನ ಬಂದ ಸದಸ್ಯರು ಮತ ವಿಭಜನೆ ಕೇಳಬಹುದು. ಆಗ ಹೆಸರು ಹಿಡಿದು ಎಣಿಸಬೇಕು. ಎರಡನ್ನೂ ಒಂದೊಂದು ಸಲ ಮಾಡಿಸಿ. ಎಲ್ಲ ಖಂಡ ಮುಗಿದ ಮೇಲೆ ಇಡೀ ಮಸೂದೆಯನ್ನು ಒಪ್ಪಬೇಕೋ ಬೇಡವೋ ಅನ್ನುವುದು ಮೂರನೇ ವಾಚನ.

ಆಡಳಿತ ಪಕ್ಷದ ಯಾರಾದರೂ "ನನಗೆ ವಿಪಕ್ಷದ ತಿದ್ದುಪಡಿಯೇ ಸರಿ ಅನ್ನಿಸುತ್ತೆ, ಅದಕ್ಕೇ ಮತ ಹಾಕಲಾ?" ಅಂತ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಆದೇಶ, ಹೊರಡಿಸಿದ್ದರೆ ಅದನ್ನು ಮೀರಿದವರ ಸದಸ್ಯತ್ವವೇ ಹೋಗಬಹುದು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಅದಕ್ಕೆ ಕಾರಣ. ಪಕ್ಷಾಂತರ ತಡೆಯಲು ಬಂದ ನಿಯಮ ಸದಸ್ಯರ ಸ್ವಂತ ಮಾತನ್ನೂ ಕಟ್ಟುತ್ತದೆಯೇ ಅಂತ ಮಕ್ಕಳೇ ವಾದ ಮಾಡಲಿ. ನೀವು ತೀರ್ಪು ಕೊಡಬೇಡಿ.

ಏಳನೇ ಪಿರಿಯಡ್: ರಾಜ್ಯಸಭೆ ಒಪ್ಪದಿದ್ದರೆ

ಮಸೂದೆ ಹಿಡಿದು ಮಂತ್ರಿ ಲೈಬ್ರರಿಗೆ ನಡೆದುಹೋಗಲಿ. ಮಂತ್ರಿ ಎರಡೂ ಸದನದಲ್ಲಿ ಮಾತಾಡಬಹುದು, ಮತ ಮಾತ್ರ ತನ್ನ ಸದನದಲ್ಲಿ. ಅಲ್ಲಿ ವಿಪಕ್ಷದವರು ಏಳು ಜನ. ನಮ್ಮಲ್ಲಿ ಅವರು ಐದನೇ ಖಂಡವನ್ನು ಹಿಡಿದರು. ಲೋಕಸಭೆ ನೇರವಾಗಿ ದಂಡ ಅಂದಿತ್ತು. ಮೊದಲು ನೋಟಿಸ್ ಕೊಟ್ಟು ತಿಂಗಳು ಕಾಯಬೇಕು, ಆಮೇಲೆ ದಂಡ ಅಂತ ರಾಜ್ಯಸಭೆ ತಿದ್ದಿತು. ತಿದ್ದಿದ ಮಸೂದೆ ಲೋಕಸಭೆಗೆ ವಾಪಸ್ ಬರಬೇಕು. ಅವರು ಒಪ್ಪಿದರೆ ಸರಿ. ಇಲ್ಲದಿದ್ದರೆ ರಾಷ್ಟ್ರಪತಿಗಳು ಜಂಟಿ ಅಧಿವೇಶನ ಕರೆಯಬಹುದು. ಇನ್ನೊಂದು ಸದನ ಆರು ತಿಂಗಳಿಗಿಂತ ಜಾಸ್ತಿ ಮಸೂದೆಯನ್ನು ಹಾಗೇ ಇಟ್ಟುಕೊಂಡರೂ ಕರೆಯಬಹುದು.

ಜಂಟಿ ಅಧಿವೇಶನವನ್ನು ಮಾಡಿಸಿಯೇ ತೋರಿಸಿ. ಸ್ಪೀಕರ್ ಕುರ್ಚಿಯಲ್ಲಿ ಇರುವುದರಿಂದ ಆಡಳಿತದವರು 15 ಮತ್ತು 5, ಒಟ್ಟು 20. ವಿಪಕ್ಷದವರು 12 ಮತ್ತು 7, ಒಟ್ಟು 19. ಸಣ್ಣ ಸದನದಲ್ಲಿ ಗೆದ್ದವರು ದೊಡ್ಡ ಲೆಕ್ಕದಲ್ಲಿ ಸೋತರು. ಲೋಕಸಭೆಯ ತಲೆಗಳು ಜಾಸ್ತಿ ಅನ್ನುವುದರ ಅರ್ಥ ಆಗ ಮಕ್ಕಳಿಗೆ ಹೊಳೆಯುತ್ತದೆ. ಒಂದು ವರ್ಷ ಆಡಳಿತ ಪಕ್ಷದ ಒಬ್ಬನಿಗೆ ಆ ದಿನವೇ ಜ್ವರ. 19ಕ್ಕೆ 19 ಬಂದು, ಸ್ಪೀಕರ್ ಮತ ಹಾಕಬೇಕಾಯಿತು. ಆ ಹುಡುಗಿ ಕೈ ಎತ್ತುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂತಿದ್ದಳು.

ಮಸೂದೆಗಾಗಿ ಜಂಟಿ ಅಧಿವೇಶನ ನಡೆದದ್ದು ಮೂರೇ ಸಲ. 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದು ಮಾಡುವ ಮಸೂದೆಗೆ, 2002ರಲ್ಲಿ ಭಯೋತ್ಪಾದನೆ ತಡೆ ಮಸೂದೆಗೆ. 1978ರದ್ದನ್ನು ನಡೆಸಿದವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು, ಆಮೇಲೆ ಬೆಂಗಳೂರು ದಕ್ಷಿಣದಿಂದ ಗೆದ್ದು ಸ್ಪೀಕರ್ ಆದವರು.

ಎರಡು ಬಗೆಯ ಮಸೂದೆಗಳಿಗೆ ಈ ದಾರಿ ಇಲ್ಲ. ತೆರಿಗೆ, ಖಜಾನೆಯಂಥ ವಿಷಯಗಳ ಹಣಕಾಸು ಮಸೂದೆ ಲೋಕಸಭೆಯಲ್ಲೇ ಹುಟ್ಟಬೇಕು. ರಾಜ್ಯಸಭೆ 14 ದಿನದೊಳಗೆ ಸಲಹೆ ಹೇಳಿ ಹಿಂತಿರುಗಿಸಬೇಕು ಅಷ್ಟೇ. ಸಂವಿಧಾನ ತಿದ್ದುಪಡಿಗೆ ಎರಡೂ ಸದನ ಬೇರೆ ಬೇರೆಯಾಗಿ ಒಪ್ಪಲೇಬೇಕು. ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. 2023ರ ಮಹಿಳಾ ಮೀಸಲಾತಿ ತಿದ್ದುಪಡಿಗೆ ಲೋಕಸಭೆಯಲ್ಲಿ ಪರ 454, ವಿರುದ್ಧ 2. ರಾಜ್ಯಸಭೆಯಲ್ಲಿ ಪರ 214, ವಿರುದ್ಧ ಯಾರೂ ಇಲ್ಲ.

ಎಂಟನೇ ಪಿರಿಯಡ್: ಅಂಕಿತ, ಗೆಜೆಟ್, ಜಾರಿ

ಮಸೂದೆಯನ್ನು ಮುಖ್ಯ ಶಿಕ್ಷಕರ ಕೋಣೆಗೆ ಒಯ್ಯಿರಿ. ಅವರು ಸಹಿ ಹಾಕಬಹುದು ಅಥವಾ ಇನ್ನೊಮ್ಮೆ ಯೋಚಿಸಿ ಅಂತ ಕಾರಣ ಬರೆದು ವಾಪಸ್ ಕಳಿಸಬಹುದು. ಎರಡೂ ಸದನ ಮತ್ತೆ ಪಾಸು ಮಾಡಿ ಕಳಿಸಿದರೆ ಸಹಿ ಹಾಕಲೇಬೇಕು. ಆದರೆ ಇಷ್ಟು ದಿನದೊಳಗೆ ಅಂತ ಸಂವಿಧಾನ ಗಡುವು ಇಟ್ಟಿಲ್ಲ. 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅವರು ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಜನರ ಪತ್ರಗಳನ್ನು ಸರ್ಕಾರ ತೆರೆದು ನೋಡುವ ಅಧಿಕಾರ ಅದರಲ್ಲಿತ್ತು. ಅದು ಕಾನೂನಾಗಲೇ ಇಲ್ಲ.

ಸಹಿ ಬಿದ್ದ ದಿನವೇ ಎಲ್ಲ ಜಾರಿಯಾಗುತ್ತದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಇಲ್ಲಿ ಅವರದೇ ಕಾಯಿದೆಯಾದ ಶಿಕ್ಷಣ ಹಕ್ಕು ಕಾಯಿದೆಯ ದಾರಿಯನ್ನು ಬೋರ್ಡಿನ ಮೇಲೆ ಹಾಕಿ. 2002ರಲ್ಲಿ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. 2008ರ ಡಿಸೆಂಬರ್‌ನಲ್ಲಿ ಮಸೂದೆ ಮಂಡನೆಯಾದದ್ದು ರಾಜ್ಯಸಭೆಯಲ್ಲಿ. ಮಸೂದೆ ಯಾವ ಸದನದಲ್ಲಾದರೂ ಹುಟ್ಟಬಹುದು ಅನ್ನುವುದಕ್ಕೆ ಇದೇ ಉದಾಹರಣೆ. 2009ರ ಜುಲೈ 20ಕ್ಕೆ ರಾಜ್ಯಸಭೆ, ಆಗಸ್ಟ್ 4ಕ್ಕೆ ಲೋಕಸಭೆ ಒಪ್ಪಿತು. ಆಗಸ್ಟ್ 26ಕ್ಕೆ ಅಂಕಿತ ಬಿತ್ತು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಎಂಟನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡುವಂತಿಲ್ಲ ಅಂತ ಅದರಲ್ಲಿ ಇದ್ದದ್ದನ್ನು 2019ರಲ್ಲಿ ತಿದ್ದಿ, ಐದು ಮತ್ತು ಎಂಟನೇ ತರಗತಿಯ ವಿಷಯದಲ್ಲಿ ತೀರ್ಮಾನವನ್ನು ಸರ್ಕಾರಗಳಿಗೆ ಬಿಟ್ಟರು.

ಮಕ್ಕಳ ಕಾಯಿದೆಯ ಒಂದನೇ ಖಂಡದಲ್ಲಿ ಜಾರಿಯ ದಿನಾಂಕ ಇರುತ್ತದಲ್ಲ, ಅಲ್ಲಿಯವರೆಗೆ ತಯಾರಿಗೆ ಸಮಯ ಕೊಡಿ. ಕಾಯಿದೆಯ ಪ್ರತಿಯನ್ನು "ಗೆಜೆಟ್" ಅಂತ ತಲೆಬರಹ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿ. ಆ ದಿನಾಂಕದಂದು ತೂಕದ ಯಂತ್ರವನ್ನು ಮತ್ತೆ ತನ್ನಿ, ಮತ್ತೆ ಕೈ ಎತ್ತಿಸಿ ಎಣಿಸಿ, ಹಳೆಯ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ.

ಕರಡು, ತಿದ್ದುಪಡಿ ಚೀಟಿ, ಸಮಿತಿ ವರದಿ, ಮತದ ಲೆಕ್ಕ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ಮುಂದಿನ ವರ್ಷ ಬರುವ ಮಕ್ಕಳು ಹೊಸ ಮಸೂದೆ ಬರೆಯುವುದು ಬೇಡ. ಅವರ ಕೈಗೆ ಈ ಫೈಲು ಕೊಟ್ಟು, ಇದರಲ್ಲಿ ಯಾವ ಪದ ಕೆಲಸ ಮಾಡಲಿಲ್ಲ ಅಂತ ಹುಡುಕಲು ಹೇಳಿ. ಅವರು ತರಬೇಕಾದದ್ದು ಶಾಲಾ ಚೀಲದ ತೂಕ (ತಿದ್ದುಪಡಿ) ಮಸೂದೆ.